ಶಾಸನ ಛಾಯಾಗ್ರಹಣದಲ್ಲಿ ಮೂಲ ಕಡತ ಮತ್ತು ಸಂಕುಚಿತ ಕಡತ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪರಿಸರದ ಹಿನ್ನೆಲೆಯಲ್ಲಿ

ತುಂಗಭದ್ರೆಯ ಬಲದಂಡೆಯ ಮೈಲಾರ, ಕುರುವತ್ತಿಗಳಿಂದ ಮೊದಲ್ಗೊಂಡು ಪೂರ್ವಕ್ಕೆ ಗುಡೇಕೋಟೆಯ ಬೆಟ್ಟಸಾಲಿನವರೆಗೆ ಹರಡಿಕೊಂಡಿರುವ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮತ್ತು ಕೂಡ್ಲಿಗಿ ತಾಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ನೊಳಂಬರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಉಚ್ಚಂಗಿಯ ಪಾಂಡ್ಯರು, ವಿಜಯನಗರದ ಅರಸರು, ಅವರ ತರುವಾಯ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು ಆಳಿದ ಈ ನೆಲದಲ್ಲಿ ಶಾಸನಗಳಿಗೂ ವೀರಗಲ್ಲುಗಳಿಗೂ ಕೊರತೆಯಿಲ್ಲ. ಬಾಗಳಿಯ ಕಲ್ಲೇಶ್ವರ ದೇವಾಲಯವೊಂದರಲ್ಲಿಯೇ ಮೂವತ್ತಕ್ಕೂ ಹೆಚ್ಚು ಶಾಸನಗಳು ದೊರೆತಿದ್ದು, ಅವುಗಳಲ್ಲಿ ಕ್ರಿ.ಶ. 987ರ ಶಾಸನವು ದುಗ್ಗಿಮಯ್ಯನು ದೇವಾಲಯವನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ಹಡಗಲಿಯ ಕೇಶವ ದೇವಾಲಯವು ಆರನೆಯ ವಿಕ್ರಮಾದಿತ್ಯನ ಮಂತ್ರಿ ರವಿದೇವನ ಪತ್ನಿ ರೆಬ್ಬಲದೇವಿಯು ಕ್ರಿ.ಶ. 1090ರಲ್ಲಿ ಮಾಡಿಸಿದ್ದು. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಹಿರೇಹಡಗಲಿಯ ಹೆಸರಿನಿಂದಲೇ ವಿದ್ವತ್ ಲೋಕದಲ್ಲಿ ಪ್ರಸಿದ್ಧವಾಗಿವೆ.

ಈ ಪ್ರದೇಶದ ಪ್ರಾಚ್ಯಾವಶೇಷಗಳನ್ನು ದಾಖಲಿಸುವ ಕಾರ್ಯಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅಲೆಕ್ಸಾಂಡರ್ ರೀ 1896ರಲ್ಲಿ ಪ್ರಕಟಿಸಿದ, ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಹಡಗಲಿ, ಮಾಗಳ, ಬಾಗಳಿ, ನೀಲಗುಂದ, ಕುರುವತ್ತಿ ಮೊದಲಾದ ಊರುಗಳ ದೇವಾಲಯಗಳ ಅಳತೆಯ ನಕ್ಷೆಗಳೂ ಚಿತ್ರಫಲಕಗಳೂ ಇವೆ. 1953ರ ಅಕ್ಟೋಬರ್ 1ರವರೆಗೆ ಈ ತಾಲೂಕುಗಳು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಇಲ್ಲಿಯ ಶಾಸನಗಳು ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸೇರದೆ, ದಕ್ಷಿಣ ಭಾರತದ ಶಾಸನಗಳು ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಪ್ರಕಟವಾದವು. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರ ಸಂಪಾದಕತ್ವದ ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತನ್ನ ಶಾಸನ ಸಂಪುಟ ಮಾಲೆಯನ್ನು ಬಳ್ಳಾರಿ ಜಿಲ್ಲೆಯಿಂದಲೇ ಆರಂಭಿಸಿತು. ಈ ಎಲ್ಲ ಕೃತಿಗಳ ಆಧಾರ ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ತೆಗೆದ ಪಡಿಯಚ್ಚಿನಲ್ಲಿ ಓದುಗನ ಊಹೆಗೆ ಎಡೆಯಿಲ್ಲ. ಅಕ್ಷರವೂ ಅಚ್ಚಾಗುತ್ತದೆ, ಕಲ್ಲಿನ ಬಿರುಕೂ ಅಚ್ಚಾಗುತ್ತದೆ. ಯಾವುದು ಅಕ್ಷರ, ಯಾವುದು ಬಿರುಕು ಎಂಬ ನಿರ್ಣಯ ಅನಂತರದ್ದು. ಕಣ್ಣಿನಿಂದ ನೋಡಿ ಕೈಯಿಂದ ಬರೆದುಕೊಂಡ ನಕಲಿನಲ್ಲಾದರೋ ಆ ನಿರ್ಣಯ ಮೊದಲೇ ಆಗಿಹೋಗಿರುತ್ತದೆ. ಶಾಸನತಜ್ಞರು ಇವೆರಡಕ್ಕೂ ಸಮಾನ ಬೆಲೆಯನ್ನು ಎಂದೂ ಕೊಟ್ಟಿಲ್ಲ.

ಕಳೆದ ಎರಡು ದಶಕಗಳಲ್ಲಿ ಪಡಿಯಚ್ಚಿನ ಜೊತೆಗೆ, ಅನೇಕ ವೇಳೆ ಪಡಿಯಚ್ಚಿಗೆ ಬದಲಾಗಿ, ಡಿಜಿಟಲ್ ಛಾಯಾಚಿತ್ರವು ಕ್ಷೇತ್ರಕಾರ್ಯದ ಮುಖ್ಯ ಸಾಧನವಾಗಿದೆ. ಕ್ಯಾಮೆರಾ ಒಂದು ಚಿತ್ರವನ್ನು ಎರಡು ಬಗೆಯಲ್ಲಿ ಉಳಿಸಬಲ್ಲದು. ಸಂವೇದಕದ ಮೇಲೆ ಬಿದ್ದ ಬೆಳಕಿನ ಅಳತೆಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಬರೆದಿಡುವುದು ಒಂದು; ಇದನ್ನು ಛಾಯಾಗ್ರಾಹಕರು ರಾ ಕಡತ ಎನ್ನುತ್ತಾರೆ, ಇಲ್ಲಿ ಮೂಲ ಕಡತ ಎಂದು ಕರೆಯಲಾಗಿದೆ. ಆ ಅಳತೆಗಳನ್ನು ಕ್ಯಾಮೆರಾ ತಾನೇ ಸಂಸ್ಕರಿಸಿ, ಸಂಕುಚಿಸಿ, ನೋಡಲು ಸಿದ್ಧವಾದ ಜೆಪೆಗ್ ಕಡತವಾಗಿ ಕೊಡುವುದು ಮತ್ತೊಂದು. ಮೇಲುನೋಟಕ್ಕೆ ಇದು ಸ್ಥಳಾವಕಾಶದ ಪ್ರಶ್ನೆಯಂತೆ ತೋರುತ್ತದೆ. ಶಾಸನ ಅಧ್ಯಯನದ ಮಟ್ಟಿಗೆ ಇದು ಪಡಿಯಚ್ಚು ಮತ್ತು ಕೈನಕಲುಗಳ ನಡುವಣ ಹಳೆಯ ಪ್ರಶ್ನೆಯೇ ಆಗಿದೆ.

ಸಂವೇದಕದ ಅಳತೆ ಮತ್ತು ಅದರ ಸಂಸ್ಕರಣೆ

ಕ್ಯಾಮೆರಾದ ಸಂವೇದಕವು ಬಣ್ಣವನ್ನು ಕಾಣದು. ಬೆಳಕಿನ ಪ್ರಮಾಣವನ್ನು ಮಾತ್ರ ಅಳೆಯುತ್ತದೆ. ಆದ್ದರಿಂದ ಅದರ ಪ್ರತಿಯೊಂದು ಬಿಂದುವಿನ ಮೇಲೆ ಕೆಂಪು, ಹಸುರು ಇಲ್ಲವೆ ನೀಲಿಯ ಸಣ್ಣ ಶೋಧಕವೊಂದನ್ನು ಕೂರಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಹಕ್ಕುಪತ್ರ ಪಡೆದ ಈ ವಿನ್ಯಾಸದಲ್ಲಿ ಹಸುರಿನ ಬಿಂದುಗಳು ಅರ್ಧದಷ್ಟು, ಕೆಂಪು ಮತ್ತು ನೀಲಿಯವು ತಲಾ ಕಾಲುಭಾಗದಷ್ಟು ಇರುತ್ತವೆ. ಮೂಲ ಕಡತದಲ್ಲಿ ಉಳಿಯುವುದು ಪ್ರತಿ ಬಿಂದುವಿಗೆ ಒಂದೊಂದು ಸಂಖ್ಯೆ. ಅದು 12 ಬಿಟ್ಟಿನದಾದರೆ 4096 ಮೆಟ್ಟಿಲುಗಳು, 14 ಬಿಟ್ಟಿನದಾದರೆ 16384 ಮೆಟ್ಟಿಲುಗಳು ದೊರೆಯುತ್ತವೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಊಹಿಸಿ ತುಂಬುವುದು, ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಹೊಂದಿಸುವುದು, ಗುರುಗುಟ್ಟಿದಂತೆ ಕಾಣುವ ಕಣಗಳನ್ನು ತೆಗೆದು ನುಣುಪು ಮಾಡುವುದು, ಅಂಚುಗಳನ್ನು ಚೂಪುಗೊಳಿಸುವುದು, ಈ ಯಾವುದೂ ಇನ್ನೂ ನಡೆದಿರುವುದಿಲ್ಲ. ಅವುಗಳನ್ನು ಮುಂದೆ ಗಣಕದಲ್ಲಿ ಮಾಡಬೇಕು; ಬೇಡವೆನಿಸಿದರೆ ಅಳಿಸಿ ಮತ್ತೊಮ್ಮೆ ಬೇರೆ ರೀತಿಯಲ್ಲಿ ಮಾಡಬಹುದು.

ಜೆಪೆಗ್ ಪದ್ಧತಿಯಲ್ಲಿ ಇವೆಲ್ಲವೂ ಗುಂಡಿ ಒತ್ತಿದ ಕ್ಷಣದಲ್ಲಿಯೇ ಮುಗಿದುಹೋಗುತ್ತವೆ. ಮೆಟ್ಟಿಲುಗಳು ಪ್ರತಿ ಬಣ್ಣಕ್ಕೆ 256ಕ್ಕೆ ಇಳಿಯುತ್ತವೆ. ಬಣ್ಣದ ವಿವರಗಳನ್ನು ಸಾಮಾನ್ಯವಾಗಿ ಬೆಳಕಿನ ವಿವರಗಳಿಗಿಂತ ಒರಟಾಗಿ ಉಳಿಸಲಾಗುತ್ತದೆ, ಏಕೆಂದರೆ ಮನುಷ್ಯನ ಕಣ್ಣು ಬಣ್ಣದ ಸೂಕ್ಷ್ಮಗಳನ್ನು ಅಷ್ಟಾಗಿ ಗುರುತಿಸದು. ಅನಂತರ ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ 64 ಅಳತೆಗಳನ್ನು ನಿಧಾನವಾಗಿ ಬದಲಾಗುವ ಅಂಶಗಳಾಗಿಯೂ ವೇಗವಾಗಿ ಬದಲಾಗುವ ಅಂಶಗಳಾಗಿಯೂ ವಿಂಗಡಿಸಲಾಗುತ್ತದೆ. ಈ ವಿಂಗಡಣೆಯ ಗಣಿತವಾದ ಡಿಸ್ಕ್ರೀಟ್ ಕೊಸೈನ್ ಪರಿವರ್ತನೆಯನ್ನು ಕಲ್ಪಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದ್ ಅವರೆಂಬುದು ಕರ್ನಾಟಕದ ಓದುಗರಿಗೆ ಅಷ್ಟಾಗಿ ತಿಳಿಯದ ಸಂಗತಿ. ಅವರು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿದ ಜೆಪೆಗ್ ಮಾನಕವು 1992ರಲ್ಲಿ ಅಂಗೀಕೃತವಾಯಿತು. ಪರಿವರ್ತನೆಯಿಂದ ನಷ್ಟವೇನೂ ಆಗುವುದಿಲ್ಲವೆನ್ನಬಹುದು. ನಷ್ಟವಾಗುವುದು ಮುಂದಿನ ಹಂತದಲ್ಲಿ, ವೇಗವಾಗಿ ಬದಲಾಗುವ ಅಂಶಗಳನ್ನು ಒರಟಾಗಿ ದುಂಡಾಗಿಸಿ, ಚಿಕ್ಕವನ್ನು ಸೊನ್ನೆ ಮಾಡುವಾಗ. ಮುಖಚಿತ್ರಕ್ಕೋ ಹೊಲಗದ್ದೆಯ ನೋಟಕ್ಕೋ ಇದರಿಂದ ಬಾಧಕವಿಲ್ಲ. ಆದರೆ ಸವೆದ ಶಾಸನದಲ್ಲಿ ಓದಬೇಕಾಗಿರುವುದು ಬಹುವೇಳೆ ಅಂತಹ ಚಿಕ್ಕ, ಕ್ಷೀಣ ವ್ಯತ್ಯಾಸಗಳನ್ನೇ.

ಜೆಪೆಗ್ ಕಡತವನ್ನು ತೆರೆದು ನೋಡಿದಷ್ಟೂ ಕೆಡುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ತೆರೆಯುವುದರಿಂದಾಗಲಿ ಪ್ರತಿ ಮಾಡುವುದರಿಂದಾಗಲಿ ಒಂದು ಬಿಂದುವೂ ಬದಲಾಗದು. ತಿದ್ದಿ ಮರಳಿ ಉಳಿಸಿದಾಗ ಮಾತ್ರ ಸಂಕುಚನವು ಪುನಃ ನಡೆದು ನಷ್ಟ ಸೇರಿಕೊಳ್ಳುತ್ತದೆ.

ಎರಡು ಬಗೆಯ ಕಲ್ಲು, ಎರಡು ಬಗೆಯ ನಷ್ಟ

ಈ ಐದು ತಾಲೂಕುಗಳಲ್ಲಿ ಛಾಯಾಗ್ರಾಹಕನಿಗೆ ಎದುರಾಗುವ ಕಲ್ಲು ಮುಖ್ಯವಾಗಿ ಎರಡು ಬಗೆಯದು. ಬಾಗಳಿ, ನೀಲಗುಂದ, ಹಡಗಲಿಗಳ ಚಾಲುಕ್ಯ ದೇವಾಲಯಗಳಲ್ಲಿ ಬಳಸಿರುವುದು ಬಳಪದ ಕಲ್ಲು. ನುಣುಪಾದ ಮೈ, ಹಸುರು ಬೆರೆತ ಬೂದುಬಣ್ಣ, ಎಣ್ಣೆ ಮತ್ತು ಹೊಗೆ ತಾಕಿದೆಡೆ ಬಹುಮಟ್ಟಿಗೆ ಕಪ್ಪು. ಕೂಡ್ಲಿಗಿ, ಗುಡೇಕೋಟೆಗಳ ಕಡೆಗೆ ಹೊರಟರೆ ಬಯಲಿನ ಬಂಡೆಗಳಲ್ಲಿಯೂ ಊರ ಮುಂದಿನ ವೀರಗಲ್ಲುಗಳಲ್ಲಿಯೂ ಕಣಶಿಲೆ ಕಾಣಿಸಿಕೊಳ್ಳುತ್ತದೆ. ಒರಟು ಮೈ, ಬಿಳಿ, ಕಪ್ಪು, ನಸುಗೆಂಪು ಹರಳುಗಳ ಚುಕ್ಕೆ. ಸಂಕುಚಿತ ಕಡತವು ಈ ಎರಡರಲ್ಲಿಯೂ ಸೋಲುತ್ತದೆ, ಆದರೆ ಸೋಲುವ ರೀತಿ ಬೇರೆ.

ಬಳಪದ ಕಲ್ಲಿನಲ್ಲಿ ತೊಂದರೆ ಕತ್ತಲೆಯದು. ಗರ್ಭಗೃಹದ ಬಾಗಿಲವಾಡದ ಪಕ್ಕದಲ್ಲಿ, ಎಣ್ಣೆಜಿಡ್ಡು ಹಿಡಿದ ಕಂಬದ ಮೇಲೆ ಕೊರೆದ ಸಾಲುಗಳು ಚಿತ್ರದಲ್ಲಿ ಕಪ್ಪಿನ ಮೇಲೆ ಕಪ್ಪಾಗಿ ಮೂಡುತ್ತವೆ. ಜೆಪೆಗ್ ಕಡತದ 256 ಮೆಟ್ಟಿಲುಗಳಲ್ಲಿ ಅಂತಹ ಭಾಗಕ್ಕೆ ದೊರೆಯುವುದು ಕೆಳಗಿನ ಇಪ್ಪತ್ತು ಮೆಟ್ಟಿಲುಗಳೆಂದು ಭಾವಿಸಿದರೆ, 14 ಬಿಟ್ಟಿನ ಮೂಲ ಕಡತದಲ್ಲಿ ಅದೇ ಭಾಗವು ನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳಲ್ಲಿ ದಾಖಲಾಗಿರುತ್ತದೆ. ಗಣಕದಲ್ಲಿ ಬೆಳಕನ್ನು ಹಿಗ್ಗಿಸಿದಾಗ ಮೊದಲನೆಯದು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ, ಎಂಟು ಬಿಂದುಗಳ ಚೌಕಗಳ ಅಂಚುಗಳು ಗೆರೆಗಳಂತೆ ಎದ್ದು ಬರುತ್ತವೆ. ಎರಡನೆಯದರಲ್ಲಿ ಕಣಗಳ ಗದ್ದಲ ಹೆಚ್ಚಬಹುದು. ಅಕ್ಷರದ ಅಂಚು ಮಾತ್ರ ಉಳಿದಿರುತ್ತದೆ.

ಕಣಶಿಲೆಯಲ್ಲಿ ತೊಂದರೆ ಬೆಳಕಿನದಲ್ಲ, ಹರಳುಗಳದು. ಅಕ್ಷರದ ಗೀರಿನಷ್ಟೇ ಅಗಲದ ಸಾವಿರಾರು ಚುಕ್ಕೆಗಳು ಕಲ್ಲಿನ ಮೈತುಂಬ ಇರುವುದರಿಂದ, ಕ್ಯಾಮೆರಾದೊಳಗಿನ ತಂತ್ರಾಂಶಕ್ಕೆ ಯಾವುದು ಕಲ್ಲು, ಯಾವುದು ಸಂವೇದಕದ ಗದ್ದಲ ಎಂಬುದು ತಿಳಿಯದು. ಅದು ಎರಡನ್ನೂ ನುಣುಪುಗೊಳಿಸಿ, ಉಳಿದುದರ ಅಂಚನ್ನು ಚೂಪುಗೊಳಿಸುತ್ತದೆ. ಆಗ ಆಳವಿಲ್ಲದ ಗೀರೊಂದು ಮಾಸಿಹೋಗಬಹುದು. ಸಾಲಾಗಿ ಬಿದ್ದ ಮೂರು ಕಪ್ಪು ಹರಳುಗಳು ಕೂಡಿ ಇಲ್ಲದ ಗೀರೊಂದಾಗಿ ಕಾಣಲೂಬಹುದು. ಅಳಿದ ಅಕ್ಷರ ಕೊನೆಗೆ ಅಳಿದುದೆಂದೇ ಗುರುತಾಗುತ್ತದೆ. ಹುಟ್ಟಿಕೊಂಡ ಗೀರು ಪಾಠದೊಳಕ್ಕೆ ಸೇರಿ ಅಚ್ಚಾಗಿಬಿಡುತ್ತದೆ. ಆದ್ದರಿಂದ ಎರಡನೆಯದೇ ಹೆಚ್ಚು ಅಪಾಯಕರ.

ಉಜ್ಜಿನಿಯನ್ನು ಒಳಗೆ ನೋಡಬೇಕು, ಕುರುವತ್ತಿಯನ್ನು ಹೊರಗೆ ನೋಡಬೇಕು ಎಂಬ ಮಾತು ಈ ಸೀಮೆಯ ಜನರ ಬಾಯಲ್ಲಿ ಇಂದಿಗೂ ಇದೆ. ಶಿಲ್ಪದ ಸೊಗಸನ್ನು ಕುರಿತ ಈ ಮಾತು ಛಾಯಾಗ್ರಹಣಕ್ಕೂ ಅನ್ವಯಿಸುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಗಳ ಮೇಲೆ ಬೀಳುವುದು ದ್ವಾರದಿಂದ ಬರುವ ಹಗಲಿನ ನೀಲಿ ಬೆಳಕು, ವಿದ್ಯುದ್ದೀಪದ ಬೆಳಕು ಮತ್ತು ದೀಪಗಳ ಹಳದಿ ಬೆಳಕು, ಮೂರೂ ಒಟ್ಟಿಗೆ. ಇಲ್ಲಿ ಬಿಳಿ ಯಾವುದೆಂದು ಕ್ಯಾಮೆರಾ ಒಮ್ಮೆ ತೀರ್ಮಾನಿಸಿಬಿಟ್ಟರೆ ಕಲ್ಲಿನ ನಿಜವಾದ ಬಣ್ಣ ಮರಳಿ ಬಾರದು. ಮೂಲ ಕಡತದಲ್ಲಿ ಆ ತೀರ್ಮಾನ ಬರಿಯ ಟಿಪ್ಪಣಿಯಾಗಿರುತ್ತದೆ, ಬೇಕೆಂದಾಗ ಬದಲಿಸಬಹುದು. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರಾದರೋ ಕಂಬದ ಮೇಲ್ತುದಿಯಲ್ಲಿ, ಹಿಂದೆ ಹೊಳೆಯ ಕಡೆಯ ಬೆಳಗುವ ಆಕಾಶ, ಮುಂದೆ ಸೂರಿನ ನೆರಳು ಎಂಬಂತೆ ನಿಂತಿದ್ದಾರೆ. ಆಕಾಶಕ್ಕೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ, ಮುಖಕ್ಕೆ ಹೊಂದಿಸಿದರೆ ತೋಳಿನ ಬಳೆಗಳ ಅಂಚು ಬಿಳಿಯಲ್ಲಿ ಕರಗುತ್ತದೆ. ಮೂಲ ಕಡತವು ಎರಡೂ ತುದಿಗಳಲ್ಲಿ ಒಂದಿಷ್ಟು ಅವಕಾಶವನ್ನು ಕೊಡುತ್ತದೆ. ಒಂದಿಷ್ಟು ಮಾತ್ರ ಎಂಬುದನ್ನು ಮರೆಯಲಾಗದು. ಸಂವೇದಕವು ತುಂಬಿ ತುಳುಕಿದ ಮೇಲೆ ಅಲ್ಲಿ ಯಾವ ಅಳತೆಯೂ ಇರುವುದಿಲ್ಲ.

ಉಜ್ಜಿನಿಯ ಸಂದರ್ಭದಲ್ಲಿ ಮತ್ತೊಂದು ವಿಶೇಷವನ್ನು ಗಮನಿಸಬೇಕು. ಪ್ರತಿವರ್ಷ ರಥೋತ್ಸವದ ಮರುದಿನಗಳಲ್ಲಿ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ; ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಸಂಪ್ರದಾಯ. ಎಣ್ಣೆ ಕುಡಿದ ಕಲ್ಲು ಗಾಢವಾಗುತ್ತದೆ, ಹೊಳೆಯುತ್ತದೆ. ಅಭಿಷೇಕಕ್ಕೆ ಮೊದಲು ಮತ್ತು ಆ ಬಳಿಕ ತೆಗೆದ ಚಿತ್ರಗಳನ್ನು ಹೋಲಿಸಿ ಕಲ್ಲಿನ ಸವೆತವನ್ನೋ ಬಣ್ಣದ ಬದಲಾವಣೆಯನ್ನೋ ಅಳೆಯಬೇಕಾದರೆ, ಎರಡೂ ಬಾರಿ ಅಳತೆಗೋಲು ಮತ್ತು ಬಣ್ಣದ ಪಟ್ಟಿಯನ್ನು ಚೌಕಟ್ಟಿನಲ್ಲಿ ಇರಿಸಿ, ಮೂಲ ಕಡತದಲ್ಲಿಯೇ ಚಿತ್ರೀಕರಿಸುವುದು ಅಗತ್ಯ. ಕ್ಯಾಮೆರಾ ತನ್ನಷ್ಟಕ್ಕೆ ಹೊಳಪನ್ನೂ ಬಣ್ಣವನ್ನೂ ಹೊಂದಿಸಿದ ಎರಡು ಜೆಪೆಗ್ ಚಿತ್ರಗಳ ನಡುವಣ ವ್ಯತ್ಯಾಸ ಕಲ್ಲಿನದೋ ಕ್ಯಾಮೆರಾದ್ದೋ ಹೇಳುವುದು ಕಷ್ಟ.

ಪಾಠನಿರ್ಣಯದ ಪ್ರಶ್ನೆ

ಹತ್ತರಿಂದ ಹನ್ನೆರಡನೆಯ ಶತಮಾನದ ಕನ್ನಡ ಲಿಪಿಯಲ್ಲಿ ಒಂದು ಅಕ್ಷರವನ್ನು ಮತ್ತೊಂದರಿಂದ ಬೇರ್ಪಡಿಸುವ ಗುರುತುಗಳು ಅತ್ಯಲ್ಪ. ಪಕಾರ ಷಕಾರಗಳ ನಡುವೆ ಒಳಗಿನ ಒಂದು ಗೀರು, ಹ್ರಸ್ವ ದೀರ್ಘ ಇಕಾರಗಳ ನಡುವೆ ಗುಡಿಸಿನ ಒಳಗಿನ ಒಂದು ಸುಳಿ, ಅನುಸ್ವಾರಕ್ಕೆ ಒಂದು ಬಿಂದು. ಕಲ್ಲಿನ ಕುಳಿಯೊಂದು ಸೊನ್ನೆಯಾಗಿ ಓದಲ್ಪಟ್ಟರೆ ಊರಿನ ಹೆಸರು ಬದಲಾಗುತ್ತದೆ. ಕಾಲನಿರ್ದೇಶದಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಕನ್ನಡದ 6 ಮತ್ತು 9 ಅಂಕಿಗಳ ನಡುವಣ ಭೇದ ತುದಿಯ ಒಂದು ಬಳುಕಿನಲ್ಲಿದೆ. ಸವೆದ ಕಲ್ಲಿನ ಮಸುಕು ಚಿತ್ರದಲ್ಲಿ ಶಕವರ್ಷ 909ನ್ನು 906 ಎಂದು ಓದುವುದು ಅಸಂಭವವೇನಲ್ಲ. ಅದೃಷ್ಟವಶಾತ್ ಶಾಸನಗಳು ಸಂವತ್ಸರದ ಹೆಸರನ್ನೂ ತಿಥಿವಾರಗಳನ್ನೂ ಹೇಳುವುದುಂಟು. ಶಕ 909 ಸರ್ವಜಿತ್ ಸಂವತ್ಸರ, 906 ತಾರಣ. ಆದ್ದರಿಂದ ತಪ್ಪನ್ನು ಹಿಡಿಯಲು ದಾರಿಯಿದೆ. ಆದರೆ ಸಂವತ್ಸರದ ಹೆಸರೇ ಒಡೆದುಹೋಗಿರುವ ತುಂಡುಶಾಸನದಲ್ಲಿ ಚಿತ್ರವಲ್ಲದೆ ಬೇರೆ ಸಾಕ್ಷಿಯಿಲ್ಲ.

ಸಂಕುಚನವು ಅಂಕಿಯನ್ನೇ ಬದಲಿಸಬಲ್ಲದು ಎಂಬುದು ಬರಿಯ ಶಂಕೆಯಲ್ಲ. ಜರ್ಮನಿಯ ಡೇವಿಡ್ ಕ್ರೀಸೆಲ್ 2013ರಲ್ಲಿ ಜೆರಾಕ್ಸ್ ಸಂಸ್ಥೆಯ ಕೆಲವು ಸ್ಕ್ಯಾನರುಗಳು ಕಟ್ಟಡದ ನಕ್ಷೆಗಳಲ್ಲಿಯ ಅಂಕಿಗಳನ್ನು ಅದಲುಬದಲು ಮಾಡುತ್ತಿದ್ದುದನ್ನು ಬೆಳಕಿಗೆ ತಂದರು. ಅವು ಬಳಸುತ್ತಿದ್ದ ಜೆಬಿಗ್2 ಎಂಬ ಸಂಕುಚನ ವಿಧಾನವು ಒಂದನ್ನೊಂದು ಹೋಲುವ ಆಕೃತಿಗಳನ್ನು ಒಂದೇ ಎಂದು ಬಗೆದು, 6ರ ಜಾಗದಲ್ಲಿ 8ನ್ನು ಕೂರಿಸುತ್ತಿತ್ತು. ಪುಟ ನೋಡಲು ಸ್ಪಷ್ಟವಾಗಿಯೇ ಇತ್ತು. ಜೆಪೆಗ್ ಹೀಗೆ ಆಕೃತಿಗಳನ್ನು ಬದಲಿಸುವುದಿಲ್ಲ, ಅದರ ದೋಷ ಮಸುಕು ಮತ್ತು ಚೌಕಗಳ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಇಂದಿನ ಚತುರ ದೂರವಾಣಿಗಳು ಈ ನಡುವಣ ಗೆರೆಯನ್ನು ಅಳಿಸುತ್ತಿವೆ. ಅವು ಒಂದು ಚಿತ್ರಕ್ಕಾಗಿ ಹಲವು ಚಿತ್ರಗಳನ್ನು ತೆಗೆದು ಬೆರೆಸುತ್ತವೆ, ಕಲಿಕೆಯಿಂದ ಪಡೆದ ಮಾದರಿಗಳನ್ನು ಬಳಸಿ ಮೈಯ ವಿವರಗಳನ್ನು ತಿದ್ದುತ್ತವೆ. ಅಂತಹ ದೂರವಾಣಿಯ ಮೂಲ ಕಡತವೂ ಪೂರ್ತಿ ಮೂಲವಲ್ಲ. ಆಪಲ್ ಸಂಸ್ಥೆ 2020ರಲ್ಲಿ ತಂದ ಪ್ರೊರಾ ಎಂಬುದು ಹಲವು ಚಿತ್ರಗಳ ಬೆರಕೆಯ ಅನಂತರ ದೊರೆಯುವ ಕಡತ. ದೊಡ್ಡ ಕ್ಯಾಮೆರಾಗಳಲ್ಲಿಯೂ ಮೂಲ ಕಡತವನ್ನು ನಷ್ಟಸಹಿತವಾಗಿ ಕುಗ್ಗಿಸುವ ಆಯ್ಕೆ ಇರುವುದುಂಟು. ಶಾಸನ ಕಾರ್ಯಕ್ಕೆ ನಷ್ಟರಹಿತ ಆಯ್ಕೆಯನ್ನೇ ಹಿಡಿಯತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೆಳಕು ತೋರಿಸದೆ ಹೋದುದನ್ನು ಯಾವ ಕಡತವೂ ತೋರಿಸಲಾರದು. ನಡುಹಗಲಿನ ನೇರ ಬಿಸಿಲಿನಲ್ಲಿ ತೆಗೆದ ವೀರಗಲ್ಲಿನ ಮೂಲ ಕಡತಕ್ಕಿಂತ, ಸಂಜೆಯ ಓರೆಬೆಳಕಿನಲ್ಲಿಯೋ ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಿಯೋ ತೆಗೆದ ಜೆಪೆಗ್ ಚಿತ್ರದಲ್ಲಿ ಹೆಚ್ಚು ಅಕ್ಷರಗಳು ಓದಲು ಸಿಗುತ್ತವೆ. ಓರೆಬೆಳಕನ್ನು ಹಲವು ದಿಕ್ಕುಗಳಿಂದ ಬಿಟ್ಟು ತೆಗೆದ ಚಿತ್ರಗಳನ್ನು ಗಣಕದಲ್ಲಿ ಕೂಡಿಸಿ ಓದುವ ವಿಧಾನವನ್ನು ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪರಿಸರದ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತ ಬಂದಿದೆ. ಆಳದ ಅಳತೆಯೇ ಮುಖ್ಯವಾದೆಡೆ ಇವು ಛಾಯಾಚಿತ್ರವನ್ನು ಮೀರಿಸುತ್ತವೆ. ಬಣ್ಣವೇ ಮುಖ್ಯವಾದ ಭಿತ್ತಿಚಿತ್ರ ಮತ್ತು ಬಂಡೆಚಿತ್ರಗಳಲ್ಲಿ ಛಾಯಾಚಿತ್ರದ ಕಡತವೇ ಸರ್ವಸ್ವ. ಹಿರೇಬೆಣಕಲ್ಲಿನಂತಹ ನೆಲೆಗಳ ಮಾಸಿದ ಕೆಂಪು ಚಿತ್ರಗಳನ್ನು ಕಾಣಲು ಸಂಶೋಧಕರು ಬಳಸುವ ಡಿಸ್ಟ್ರೆಚ್ ತಂತ್ರಾಂಶವು ಬಣ್ಣಗಳ ನಡುವಣ ಸಣ್ಣ ಅಂತರವನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಸಂಕುಚಿತ ಕಡತವನ್ನು ಅದಕ್ಕೆ ಉಣಿಸಿದರೆ ಚಿತ್ರದೊಡನೆ ಸಂಕುಚನದ ಚೌಕಗಳೂ ಬಣ್ಣ ತಳೆದು ಎದ್ದು ನಿಲ್ಲುತ್ತವೆ.

ಸಂಕುಚಿತ ಕಡತವೇ ಸಾಕಾಗುವ ಸಂದರ್ಭಗಳು

ಹೀಗೆಂದು ಎಲ್ಲವನ್ನೂ ಮೂಲ ಕಡತದಲ್ಲಿಯೇ ಚಿತ್ರೀಕರಿಸಬೇಕೆಂಬ ವಾದ ಅತಿರೇಕವಾದೀತು. ಊರಿನ ನೋಟ, ಶಾಸನವಿರುವ ಜಾಗದ ಗುರುತು, ತಂಡದ ದಿನಚರಿ, ಇವಕ್ಕೆ ಜೆಪೆಗ್ ಧಾರಾಳವಾಗಿ ಸಾಕು. ಮೈಲಾರದ ಕಾರ್ಣಿಕದಲ್ಲಿ ಗೊರವಪ್ಪನು ಬಿಲ್ಲನ್ನೇರಿ ನುಡಿಯುವುದು ಕೆಲವೇ ಕ್ಷಣಗಳ ಮಾತು. ಆಗ ಒಂದರ ಹಿಂದೊಂದು ಚಿತ್ರ ತೆಗೆಯುವ ಕ್ಯಾಮೆರಾ ಭಾರವಾದ ಮೂಲ ಕಡತಗಳನ್ನು ಬರೆದುಕೊಳ್ಳಲು ನಿಂತುಬಿಟ್ಟರೆ ಆ ಕ್ಷಣವೇ ತಪ್ಪುತ್ತದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಯ ಹಕ್ಕಿಗಳನ್ನು ಎಣಿಸಿ ದಾಖಲಿಸುವವರಿಗೂ ವೇಗವೇ ಮುಖ್ಯ.

ಆದರೆ ಉತ್ಸವದ ಚಿತ್ರವೂ ದಾಖಲೆಯಾಗಿ ಮಾರ್ಪಡುವ ಸಂದರ್ಭ ಬರುತ್ತದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ರಥವು ರಥೋತ್ಸವದ ನಡುವೆಯೇ ಉರುಳಿಬಿತ್ತು. ಬಳಿಕ ಹೊಸ ರಥ ನಿರ್ಮಾಣವಾಯಿತು. ಹಳೆಯ ರಥದ ಮರಗೆತ್ತನೆಯನ್ನು ಅಭ್ಯಸಿಸಬಯಸುವವರು ಅದಕ್ಕೆ ಮುಂಚೆ ಭಕ್ತರು ತೆಗೆದ ಚಿತ್ರಗಳನ್ನು ಅರಸಬೇಕಾಗುತ್ತದೆ. ಅವುಗಳಲ್ಲಿ ಅನೇಕವು ವಾಟ್ಸಾಪಿನ ಮೂಲಕ ಕೈಯಿಂದ ಕೈಗೆ ದಾಟಿದವು. ಹಾಗೆ ದಾಟುವಾಗ ಚಿತ್ರವು ಕಿರಿದಾಗಿ ಮತ್ತೊಮ್ಮೆ ಸಂಕುಚಿತವಾಗುತ್ತದೆ. ತೆಗೆದ ದಿನ, ಕ್ಯಾಮೆರಾ, ಸ್ಥಳ ಮುಂತಾದ ಒಳವಿವರಗಳೂ ಅಳಿದುಹೋಗುತ್ತವೆ. ಹೊಸ ಶಾಸನಶೋಧದ ಸುದ್ದಿಗಳು ಇಂದು ಹರಡುವುದೂ ಹೀಗೆಯೇ. ಅದೇ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಈ ನಷ್ಟಗಳು ಆಗುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಗ್ರಾಮದ ಉತ್ಸಾಹಿ ತರುಣರಿಗೆ ತಿಳಿಸಿಕೊಡುವುದರಿಂದ ಆಗುವ ಪ್ರಯೋಜನ, ಬೆಲೆಬಾಳುವ ಕ್ಯಾಮೆರಾ ಕೊಳ್ಳುವುದರಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ.

ಚಿತ್ರವನ್ನು ಮುಂದೆ ಬೇರೊಬ್ಬರು ಓದಬೇಕಾಗುವುದೇ, ಓದುವಾಗ ಕಲ್ಲು ಅಲ್ಲಿರುವುದೇ ಎಂಬುದನ್ನು ಕೇಳಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ. ಕಲ್ಲು ಅಲ್ಲಿರುವುದೆಂಬ ಭರವಸೆ ಈ ಸೀಮೆಯಲ್ಲಿ ಕಡಿಮೆ. ತುಂಗಭದ್ರಾ ಜಲಾಶಯದಲ್ಲಿ 1953ರಿಂದ ನೀರು ನಿಂತಾಗ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿದವು. ಅಲ್ಲಿಯ ಕಲ್ಲುಬರಹಗಳ ವಿಷಯದಲ್ಲಿ ಅದಕ್ಕೆ ಮೊದಲು ತೆಗೆದ ಪಡಿಯಚ್ಚುಗಳೇ ಆಧಾರ. ನೀರಿಲ್ಲದೆಡೆ ಸುಣ್ಣ, ಬಣ್ಣ, ಸಿಮೆಂಟು, ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿನ ಮೈ ಉಜ್ಜುವ ಯಂತ್ರ ಇವು ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತಿವೆ.

ಈ ದೃಷ್ಟಿಯಿಂದ ಹಂಪಿಯ ಒಂದು ನಿದರ್ಶನ ಉಲ್ಲೇಖನೀಯ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣಗಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯ ಸ್ಮಾರಕಗಳನ್ನು ಚಿತ್ರೀಕರಿಸಿದನು. ಆ ನೆಗೆಟಿವ್‌ಗಳು ಉಳಿದು ಬಂದುದರಿಂದ ಒಂದು ಶತಮಾನಕ್ಕೂ ಮೀರಿದ ಮೇಲೆ ಅವುಗಳಿಂದ ಹೊಸದಾಗಿ ಪ್ರತಿಗಳನ್ನು ಮುದ್ರಿಸುವುದು ಸಾಧ್ಯವಾಯಿತು. ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅದೇ ಕೋನಗಳಿಂದ ಮತ್ತೆ ಚಿತ್ರ ತೆಗೆದು ಹೋಲಿಕೆಗೆ ಒದಗಿಸಿದರು. ಮೂಲ ಕಡತವನ್ನು ಡಿಜಿಟಲ್ ನೆಗೆಟಿವ್ ಎಂದು ಕರೆಯುವುದು ವಾಡಿಕೆ. ಹೋಲಿಕೆ ಸರಿಯಾದುದೇ, ಒಂದು ವ್ಯತ್ಯಾಸವನ್ನು ಬಿಟ್ಟು: ಗ್ರೀನ್‌ಲಾನ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಸಾಕು, ಚಿತ್ರ ಕಾಣುತ್ತದೆ, ಡಿಜಿಟಲ್ ಕಡತಕ್ಕೆ ಅದನ್ನು ಬಿಡಿಸಿ ಓದುವ ತಂತ್ರಾಂಶ ಬೇಕು.

ಗ್ರಂಥಾಲಯಗಳ ಹೊಣೆ

ಮೂಲ ಕಡತದ ದೌರ್ಬಲ್ಯವಿರುವುದು ಇಲ್ಲಿಯೇ. ಜೆಪೆಗ್ ಮತ್ತು ಟಿಫ್ ಸ್ವರೂಪಗಳ ವಿವರ ಬಹಿರಂಗವಾಗಿದ್ದು ಎಲ್ಲೆಡೆ ತೆರೆಯುತ್ತವೆ. ಮೂಲ ಕಡತಗಳಾದರೋ ಒಂದೊಂದು ಸಂಸ್ಥೆಗೆ ಒಂದೊಂದು: ಕ್ಯಾನನ್‌ದು ಸಿಆರ್2, 2018ರಿಂದ ಸಿಆರ್3, ನಿಕಾನ್‌ದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯು. 2005ರಲ್ಲಿ ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದ ಕಡತದೊಳಗಿನ ಬಿಳಿ ಹೊಂದಾಣಿಕೆಯ ವಿವರವನ್ನು ಗೂಢಲಿಪಿಯಲ್ಲಿ ಇಟ್ಟದ್ದು ದೊಡ್ಡ ಚರ್ಚೆಗೆ ಕಾರಣವಾಯಿತು. ಇದಕ್ಕೆ ಪರಿಹಾರವೆಂದು ಅಡೋಬಿ ಸಂಸ್ಥೆ 2004ರಲ್ಲಿ ಡಿಎನ್‌ಜಿ ಎಂಬ ಬಹಿರಂಗ ಸ್ವರೂಪವನ್ನು ಮುಂದಿಟ್ಟಿತು. ಅದು ಟಿಫ್ ಸ್ವರೂಪದ ಮೇಲೆಯೇ ಕಟ್ಟಿದ್ದು. ಡೇವ್ ಕಾಫಿನ್ ಬರೆದ ಡಿಸಿರಾ ಎಂಬ ಮುಕ್ತ ತಂತ್ರಾಂಶವೂ ಅದರಿಂದ ಬೆಳೆದ ಲಿಬ್‌ರಾ ಕೂಡ ಬಹುತೇಕ ಎಲ್ಲ ಮೂಲ ಕಡತಗಳನ್ನು ಓದಬಲ್ಲವು. ಆದ್ದರಿಂದ ಭಯಕ್ಕೆ ಕಾರಣವಿಲ್ಲ, ಉದಾಸೀನಕ್ಕೂ ಕಾರಣವಿಲ್ಲ. ಸಂಸ್ಥೆಯೊಂದು ಮೂಲ ಕಡತವನ್ನು ಅದು ಇದ್ದಂತೆಯೇ ಇಟ್ಟುಕೊಂಡು, ಜೊತೆಗೆ ಅದರ ಡಿಎನ್‌ಜಿ ರೂಪವನ್ನೂ, ಓದಿಗೆ ಆಧಾರವಾಗಿ ಬಳಸಿದ ಸಂಸ್ಕರಿತ ಚಿತ್ರದ 16 ಬಿಟ್ ಟಿಫ್ ಪ್ರತಿಯನ್ನೂ ಉಳಿಸುವುದು ವಿವೇಕದ ಮಾರ್ಗ. ಓದುಗರಿಗೆ ಕೊಡಲು ಜೆಪೆಗ್ ಸಾಕು.

ಸ್ಥಳಾವಕಾಶದ ಆಕ್ಷೇಪವನ್ನು ಲೆಕ್ಕ ಹಾಕಿಯೇ ನೋಡಬೇಕು. 2.4 ಕೋಟಿ ಬಿಂದುಗಳ ಕ್ಯಾಮೆರಾದಲ್ಲಿ 14 ಬಿಟ್ಟಿನ ಮೂಲ ಕಡತ ಸಂಕುಚನವಿಲ್ಲದೆ 42 ಮೆಗಾಬೈಟ್, ನಷ್ಟರಹಿತವಾಗಿ ಕುಗ್ಗಿಸಿದರೆ ಸುಮಾರು 30. ಅದರ 16 ಬಿಟ್ ಟಿಫ್ 144. ಉತ್ತಮ ಗುಣದ ಜೆಪೆಗ್ ಸುಮಾರು 10. ಒಂದು ತಾಲೂಕಿನಲ್ಲಿ 200 ಕಲ್ಲುಗಳು, ಕಲ್ಲೊಂದಕ್ಕೆ 15 ಚಿತ್ರಗಳು ಎಂದಿಟ್ಟುಕೊಂಡರೆ 3000 ಚಿತ್ರಗಳಾಗುತ್ತವೆ. ಮೂಲ ಕಡತಗಳಿಗೆ 90 ಗಿಗಾಬೈಟ್, ಮೂರು ಕಡೆ ಪ್ರತಿ ಇಟ್ಟರೆ 270. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಹಾರ್ಡ್ ಡಿಸ್ಕಿನ ಒಂದು ಮೂಲೆಗೆ ಇದು ಸಮ. ಟಿಫ್ ಪ್ರತಿಗಳನ್ನು ಆಯ್ದ ಚಿತ್ರಗಳಿಗೆ ಮಾತ್ರ ಮಾಡಿದರೆ ಸಾಕು. ಜಾಗದ ವೆಚ್ಚಕ್ಕಿಂತ ದುಬಾರಿಯಾದುದು ಪರಿಶ್ರಮ: ಒಂದೊಂದು ಕಡತವನ್ನೂ ಕುಳಿತು ಸಂಸ್ಕರಿಸಬೇಕು, ಕಾಲಕಾಲಕ್ಕೆ ಪ್ರತಿಗಳನ್ನು ತಾಳೆ ನೋಡಬೇಕು. ಈ ಶ್ರಮಕ್ಕೆ ಜನವಿಲ್ಲದ ಸಂಸ್ಥೆಯಲ್ಲಿ, ಯಾರೂ ತೆರೆಯದ ಮೂಲ ಕಡತಗಳ ರಾಶಿಗಿಂತ ಹೆಸರು, ಊರು, ದಿನಾಂಕ ಬರೆದಿಟ್ಟ ಜೆಪೆಗ್ ಸಂಗ್ರಹವೇ ಮೇಲು. ಕ್ಷೇತ್ರದಲ್ಲಿ ಎರಡನ್ನೂ ಒಟ್ಟಿಗೆ ಬರೆದುಕೊಳ್ಳುವಂತೆ ಕ್ಯಾಮೆರಾವನ್ನು ಹೊಂದಿಸಿ, ಸಂಜೆಯೇ ಜೆಪೆಗ್ ನೋಡಿ ಪಟ್ಟಿ ಮಾಡಿ, ಮೂಲ ಕಡತಗಳನ್ನು ಮುಟ್ಟದೆ ಇರಿಸುವುದು ಅನುಕೂಲಕರ.

ಕಡತಗಳಿಗೆ ಹೆಸರಿಡುವುದರಲ್ಲಿ ಈ ಐದು ತಾಲೂಕುಗಳಿಗೆ ವಿಶಿಷ್ಟವಾದ ತೊಡಕೊಂದಿದೆ. ಹರಪನಹಳ್ಳಿಯು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಉಜ್ಜಿನಿಯು ಹಳೆಯ ಗ್ರಂಥಗಳಲ್ಲಿ ಕೂಡ್ಲಿಗಿ ತಾಲೂಕಿನ ಊರು, ಈಗ ಕೊಟ್ಟೂರು ತಾಲೂಕಿನದು. ಹಡಗಲಿಯೇ ಬೇರೆ, ಹಿರೇಹಡಗಲಿಯೇ ಬೇರೆ. ಜಿಲ್ಲೆಯ ಹೆಸರಿನಿಂದ ಜೋಡಿಸಿದ ಸಂಗ್ರಹದಲ್ಲಿ ಬಾಗಳಿಯ ಒಂದೇ ಶಾಸನದ ಚಿತ್ರಗಳು ಮೂರು ಕಡೆ ಹಂಚಿಹೋಗುವ ಸಂಭವವಿದೆ. ಆದ್ದರಿಂದ ಕಡತದ ಹೆಸರಿನಲ್ಲಿ ಊರು ಮತ್ತು ದಿನಾಂಕವನ್ನಷ್ಟೇ ಇಟ್ಟು, ಅಕ್ಷಾಂಶ ರೇಖಾಂಶಗಳು, ಕಲ್ಲು ಇರುವ ಜಾಗ, ಬೆಳಕು ಬಂದ ದಿಕ್ಕು, ಪ್ರಕಟಿತ ಸಂಪುಟದ ಶಾಸನ ಸಂಖ್ಯೆ ಇವನ್ನು ಜೊತೆಯ ವಿವರ ಕಡತದಲ್ಲಿ ದಾಖಲಿಸುವುದು ಯುಕ್ತ. ಸಂಪುಟದ ಸಂಖ್ಯೆ ಇದ್ದರೆ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ಪಡಿಯಚ್ಚಿನೊಡನೆ ಚಿತ್ರವನ್ನು ತಾಳೆ ನೋಡಲು ಸಾಧ್ಯವಾಗುತ್ತದೆ.